ಫಿಲಿಪ್ಪನ ಕುದುರೆಯ ಮೊಮ್ಮಕ್ಕಳು

ಮ್ಯಾಸಿಡೋನಿಯಾದ ರಾಜ ಎರಡನೇ ಫಿಲಿಪ್ ಹೊರಡಿಸಿದ ಬೆಳ್ಳಿಯ ಟೆಟ್ರಾಡ್ರಾಕ್ಮ್ (ನಾಲ್ಕು ಡ್ರಾಕ್ಮ್ ಬೆಲೆಯ) ನಾಣ್ಯವನ್ನು ಒಮ್ಮೆ ಸರಿಯಾಗಿ ನೋಡಿದವರು ಮರೆಯುವುದು ಕಷ್ಟ. ತೂಕ ಸುಮಾರು 14.4 ಗ್ರಾಂ. ಮುಂಬದಿಯಲ್ಲಿ ಲಾರೆಲ್ ಎಲೆಗಳ ಮಾಲೆ ಮುಡಿದ, ದಟ್ಟ ಗಡ್ಡದ ಜ್ಯೂಸ್ ದೇವರು. ಹಿಂಬದಿಯಲ್ಲಿ ಕುದುರೆ ಸವಾರ. ಕೆಲವು ನಾಣ್ಯಗಳಲ್ಲಿ ಸವಾರ ಅಗಲ ಟೋಪಿಯ ರಾಜನೇ, ಕೈ ಎತ್ತಿ ಕುಳಿತಿದ್ದಾನೆ. ಇನ್ನು ಕೆಲವುಗಳಲ್ಲಿ ತಾಳೆಗರಿ ಹಿಡಿದ ಹುಡುಗ. ಕ್ರಿ.ಪೂ. 356ರ ಒಲಿಂಪಿಕ್ಸ್‌ನಲ್ಲಿ ಫಿಲಿಪ್ಪನ ಕುದುರೆ ಗೆದ್ದ ನೆನಪಿಗೆ ಬಂದವನು ಈ ಹುಡುಗ. ಕುದುರೆಯ ಮೇಲ್ಗಡೆ ಗ್ರೀಕ್ ಲಿಪಿಯಲ್ಲಿ ರಾಜನ ಹೆಸರು.

ಈಗ ಡ್ಯಾನ್ಯೂಬ್ ನದಿಯ ಕಣಿವೆಯಲ್ಲಿ, ಒಂದೂವರೆ ಶತಮಾನ ಕಳೆದ ಮೇಲೆ ಟಂಕಿಸಿದ ಬೆಳ್ಳಿ ನಾಣ್ಯವೊಂದನ್ನು ಅದರ ಪಕ್ಕದಲ್ಲಿಡಿ. ಜ್ಯೂಸ್‌ನ ಕೆನ್ನೆ ಉಬ್ಬಿ ಗುಂಡಾಗಿದೆ. ಲಾರೆಲ್ ಎಲೆಗಳು ಭತ್ತದ ಕಾಳುಗಳಂತೆ ಸಾಲಾಗಿ ನಿಂತಿವೆ. ಗಡ್ಡದ ಗುಂಗುರುಗಳು ಒಂದೊಂದೂ ಬಿಡಿಬಿಡಿ ಮಣಿ. ಮೂಗು ಒಂದು ಗೆರೆ, ತುಟಿ ಎರಡು ಚುಕ್ಕೆ. ಹಿಂಬದಿಯ ಸವಾರನಿಗೆ ಕಾಲೇ ಇಲ್ಲ, ಸೊಂಟದಿಂದ ಮೇಲಷ್ಟೇ ಉಳಿದು ಕುದುರೆಯ ಬೆನ್ನ ಮೇಲೆ ತೇಲುತ್ತಿದ್ದಾನೆ. ಕುದುರೆ ಮಾತ್ರ ಗಟ್ಟಿಯಾಗಿ ನಿಂತಿದೆ. ಮಂಡಿಗಳ ಜಾಗದಲ್ಲಿ ಉಂಡೆಗಳು, ಕೊರಳಿನ ಕೂದಲಿಗೆ ಚುಕ್ಕೆಗಳ ಸಾಲು, ಆದರೂ ಅದು ಕುದುರೆಯೇ, ಅನುಮಾನವಿಲ್ಲ.

ಇಂಥ ನಾಣ್ಯವನ್ನು ಗುರುತಿಸುವುದು ಹೇಗೆ ಎಂದು ಕೇಳಿದವರಿಗೆ ನಾಣ್ಯಪ್ರಿಯರಲ್ಲಿ ಹಲವರು ಕೊಡುವ ಉತ್ತರ, ‘ಒರಟಾಗಿದ್ದರೆ ಕೆಲ್ಟಿಕ್’, ಅಂದರೆ ಕೆಲ್ಟರು ಎಂಬ ಪ್ರಾಚೀನ ಯುರೋಪಿನ ಬುಡಕಟ್ಟುಗಳವರದ್ದು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಒರಟು ನಾಣ್ಯಗಳು ಗ್ರೀಕ್ ಟಂಕಸಾಲೆಗಳಿಂದಲೂ ಬಂದಿವೆ, ತುಂಬ ನಯವಾದ ಕೆಲ್ಟಿಕ್ ಅನುಕರಣೆಗಳೂ ಇವೆ. ಮೊದಲ ತಲೆಮಾರಿನ ಅನುಕರಣೆಗಳನ್ನು ಅಸಲಿಯಿಂದ ಬೇರ್ಪಡಿಸಲು ಪಳಗಿದ ಕಣ್ಣುಗಳೂ ತಡವರಿಸುತ್ತವೆ. ಹಾಗಾಗಿ ನಾನು ಪ್ರತಿ ನಾಣ್ಯದ ಮುಂದೆಯೂ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಅಚ್ಚು ಕೆತ್ತಿದವನ ಎದುರಿಗೆ ಯಾವ ನಾಣ್ಯವಿತ್ತು? ಫಿಲಿಪ್ಪನ ಅಸಲಿಯೋ, ಅದರ ನಕಲೋ, ನಕಲಿನ ನಕಲೋ? ಇದಕ್ಕೆ ಉತ್ತರ ಸಿಕ್ಕರೆ ಕಾಲ, ಸ್ಥಳ, ಬಳಗ ಎಲ್ಲವೂ ಒಂದೊಂದಾಗಿ ಹತ್ತಿರ ಬರುತ್ತವೆ.

ಅಸಲಿ ನಾಣ್ಯಗಳು ಅಷ್ಟು ದೂರ ಹೋದದ್ದಾದರೂ ಹೇಗೆ? ಫಿಲಿಪ್ ಕ್ರಿ.ಪೂ. 336ರಲ್ಲಿ ಕೊಲೆಯಾದ. ಅವನ ನಾಣ್ಯ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮಗ ಅಲೆಕ್ಸಾಂಡರ್ ತನ್ನದೇ ಹೊಸ ಬೆಳ್ಳಿ ನಾಣ್ಯ ತಂದ. ಸಿಂಹದ ಚರ್ಮ ಹೊದ್ದ ಹೆರಾಕ್ಲಿಸ್ ಒಂದು ಕಡೆ, ಸಿಂಹಾಸನದ ಜ್ಯೂಸ್ ಇನ್ನೊಂದು ಕಡೆ, ತೂಕ 17.2 ಗ್ರಾಂ. ಅದರ ಜೊತೆಜೊತೆಗೇ ಆಂಫಿಪೋಲಿಸ್ ಟಂಕಸಾಲೆಯಲ್ಲಿ ಫಿಲಿಪ್ಪನ ಹಳೆಯ ನಾಣ್ಯವೂ ಹಳೆಯ ತೂಕದಲ್ಲೇ ದಶಕಗಳ ಕಾಲ ಹೊರಬಂತು. ಉತ್ತರದ ಬುಡಕಟ್ಟುಗಳು ಒಪ್ಪುತ್ತಿದ್ದದ್ದು ಆ ಪರಿಚಿತ ನಾಣ್ಯವನ್ನೇ, ಅವರ ಜೊತೆಗಿನ ವ್ಯವಹಾರಕ್ಕಾಗಿಯೇ ಅದನ್ನು ಮುಂದುವರಿಸಿದರು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಅದು ಸರಿಯೆನಿಸುತ್ತದೆ.

ಕೆಲ್ಟರು ಆ ಹೊತ್ತಿಗೆ ಡ್ಯಾನ್ಯೂಬ್ ಸೀಮೆಗೆ ಬಂದಾಗಿತ್ತು. ಕ್ರಿ.ಪೂ. 335ರಲ್ಲಿ ಅಲೆಕ್ಸಾಂಡರ್ ಅವರ ದೂತರನ್ನು ಕಂಡು, ನೀವು ಯಾರಿಗೆ ಹೆದರುತ್ತೀರಿ ಎಂದು ಕೇಳಿದನಂತೆ. ಆಕಾಶ ತಲೆಯ ಮೇಲೆ ಬೀಳುವುದಕ್ಕೆ ಮಾತ್ರ, ಎಂದರಂತೆ ಅವರು. ಕ್ರಿ.ಪೂ. 279ರಲ್ಲಿ ಅವರು ಮ್ಯಾಸಿಡೋನಿಯಾಕ್ಕೇ ನುಗ್ಗಿ ರಾಜ ಟಾಲೆಮಿ ಕೆರೌನಸ್‌ನನ್ನು ಕೊಂದರು, ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಯವರೆಗೂ ಹೋದರು. ಕೊಳ್ಳೆಗಿಂತ ನನಗೆ ಮುಖ್ಯವಾಗಿ ಕಾಣುವುದು ಕೂಲಿ. ಗ್ರೀಕ್ ರಾಜರು ಇವರನ್ನೇ ಬಾಡಿಗೆ ಸೈನಿಕರಾಗಿ ಇಟ್ಟುಕೊಂಡರು. ಅಂಟಿಗೋನಸ್ ಗೊನಾಟಸ್ ಎಂಬ ರಾಜ ತಲೆಗೊಂದು ಚಿನ್ನದ ನಾಣ್ಯ ಕೊಡುವುದಾಗಿ ಒಪ್ಪಿಕೊಂಡ ಕಥೆಯನ್ನು ಪ್ರಾಚೀನ ಲೇಖಕ ಪಾಲಿಯೀನಸ್ ಬರೆದಿಟ್ಟಿದ್ದಾನೆ. ಯುದ್ಧ ಮುಗಿದ ಮೇಲೆ ಗಾಲರು (ಈ ಕೆಲ್ಟರಿಗೇ ಇನ್ನೊಂದು ಹೆಸರು), ನಮ್ಮ ಹೆಂಡಿರು ಮಕ್ಕಳ ತಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಪಟ್ಟು ಹಿಡಿದರಂತೆ! ನಾಣ್ಯದ ಬೆಲೆ ಚೆನ್ನಾಗಿ ಗೊತ್ತಿದ್ದ ಜನ. ಸೈನಿಕ ಊರಿಗೆ ಮರಳುವಾಗ ಅವನ ಚೀಲದಲ್ಲಿ ಬಂದ ನಾಣ್ಯವೇ ಅಲ್ಲಿನ ಮುಖಂಡನ ಕಮ್ಮಾರನಿಗೆ ಮಾದರಿಯಾಯಿತು.

ನಾನು ಮೊದಲು ನೋಡುವುದು ಅಕ್ಷರಗಳನ್ನು. ಫಿಲಿಪ್ಪನ ಹೆಸರಿನಲ್ಲಿ ಎಂಟು ಗ್ರೀಕ್ ಅಕ್ಷರಗಳಿವೆ. ಮೊದಲನೆಯದು ಉಂಗುರದ ನಡುವೆ ನಿಂತ ಕೋಲು. ಆಮೇಲೆ ಒಂದು ಬರಿಯ ಕೋಲು, ತಲೆ ಕೂಡಿಸಿದ ಎರಡು ಓರೆಗೆರೆ, ಮತ್ತೆ ಕೋಲು. ನಡುವೆ ಬಾಗಿಲ ಚೌಕಟ್ಟಿನಂಥ ಎರಡು ‘ಪೈ’ ಅಕ್ಷರಗಳು ಪಕ್ಕಪಕ್ಕ. ಕೊನೆಗೆ ಒಂದು ಸುತ್ತು, ಒಂದು ಕವಲು. ಚೀನೀ ಭಾಷೆ ತಿಳಿಯದ ನಮ್ಮ ಕೈಗೆ ಚೀನೀ ಬೋರ್ಡೊಂದನ್ನು ಕೊಟ್ಟು ಹಾಗೆಯೇ ಬರೆ ಎಂದರೆ ಏನಾಗುತ್ತದೋ, ಗ್ರೀಕ್ ಓದಲು ಬಾರದ ಅಚ್ಚಿನವನ ಕೈಯಲ್ಲೂ ಅದೇ ಆಗಿದೆ. ಮೊದಲ ತಲೆಮಾರಿನಲ್ಲಿ ಎಂಟೂ ಅಕ್ಷರ ಇರುತ್ತವೆ, ಆದರೆ ಒಂದೆರಡು ಕಡೆ ಗೆರೆ ಜೋಡಿಸಿದ ಜಾಗ ತಪ್ಪಿರುತ್ತದೆ. ಗ್ರೀಕ್ ಬಲ್ಲವನು ಆತುರದಲ್ಲಿ ಒಂದು ಅಕ್ಷರ ಬಿಟ್ಟಾನು, ಅಕ್ಷರದ ಅಂಗಗಳನ್ನೇ ಬೇರೆಬೇರೆ ಮಾಡುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಚೌಕಟ್ಟಿನ ಮೇಲಿನ ಅಡ್ಡಪಟ್ಟಿ ಮಾಯವಾಗಿ ಎರಡು ‘ಪೈ’ಗಳು ನಾಲ್ಕು ನೆಟ್ಟನೆಯ ಗೆರೆಗಳಾಗುತ್ತವೆ. ಉಂಗುರ ಕುಗ್ಗಿ ಚುಕ್ಕೆಯಾಗುತ್ತದೆ. ಇನ್ನೂ ಮುಂದೆ ಬರಿಯ ಗೆರೆ, ಚುಕ್ಕೆ. ಕೊನೆಗೆ ಅದೂ ಇಲ್ಲ. ಹೀಗಾಗಿ ಹೆಸರಿನ ಜಾಗದಲ್ಲಿ ನಾಲ್ಕು ಗೆರೆ ಒತ್ತಟ್ಟಿಗೆ ಕಂಡರೆ ನನಗೆ ಅದು ಬರಿಯ ಗೀಚಾಗಿ ಕಾಣುವುದಿಲ್ಲ, ಎರಡು ‘ಪೈ’ಗಳ ನೆನಪು ಇನ್ನೂ ಉಳಿದಿರುವ ಹಂತವಾಗಿ ಕಾಣುತ್ತದೆ.

ಕುದುರೆಯ ಹೊಟ್ಟೆಯ ಕೆಳಗಿನ ಗುರುತುಗಳೂ ಅಷ್ಟೇ ಮುಖ್ಯ. ಆಂಫಿಪೋಲಿಸ್‌ನಲ್ಲಿ ಫಿಲಿಪ್ ಸತ್ತ ಮೇಲೆ ಬಂದ ಕೆಲವು ನಾಣ್ಯಗಳಲ್ಲಿ ಅಲ್ಲಿ ‘ಲಾಂಬ್ಡಾ’ ಅಕ್ಷರ, ಅದರ ಕೆಳಗೆ ಒಂದು ಪಂಜು ಇರುತ್ತದೆ. ಅದು ಟಂಕಸಾಲೆಯ ಒಳಗಿನ ಲೆಕ್ಕದ ಗುರುತು, ಹೊರಗಿನವರಿಗೆ ಅರ್ಥವಿಲ್ಲ. ಅನುಕರಿಸಿದವನು ಅದನ್ನೂ ಬಿಡದೆ ಕೆತ್ತಿದ್ದಾನೆ. ಅವನ ಈ ನಿಷ್ಠೆಯಿಂದಲೇ ಇವತ್ತು ನಮಗೆ ಮೂಲ ನಾಣ್ಯ ಯಾವ ಟಂಕಸಾಲೆಯದು, ಯಾವ ದಶಕದ್ದು ಎಂದು ಹೇಳಲು ಸಾಧ್ಯವಾಗುತ್ತದೆ.

ಇನ್ನೊಂದು ಸುಳಿವು ದಿಕ್ಕಿನದು. ಅಚ್ಚಿನಲ್ಲಿ ಚಿತ್ರವನ್ನು ತಗ್ಗಾಗಿ, ಎಡಬಲ ತಿರುಗಿಸಿ ಕೆತ್ತಬೇಕು. ಎದುರಿಗಿರುವ ನಾಣ್ಯವನ್ನು ಹೇಗಿದೆಯೋ ಹಾಗೆಯೇ ಅಚ್ಚಿಗೆ ಇಳಿಸಿದರೆ ಹೊರಬರುವ ನಾಣ್ಯದಲ್ಲಿ ಎಲ್ಲವೂ ಉಲ್ಟಾ. ಬಲಕ್ಕೆ ಓಡಬೇಕಾದ ಕುದುರೆ ಎಡಕ್ಕೆ ಓಡುತ್ತಿದ್ದರೆ, ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತಿದ್ದರೆ, ನಾಣ್ಯವನ್ನು ಕೈಯಲ್ಲೇ ಹಿಡಿದು ನಕಲು ಮಾಡಿದ್ದಾರೆ ಎನ್ನಬಹುದು.

ಆಮೇಲೆ ತಕ್ಕಡಿ. ಮೊದಲ ಅನುಕರಣೆಗಳು ಅಸಲಿಯ ತೂಕಕ್ಕೆ ತೀರ ಹತ್ತಿರ ಇರುತ್ತವೆ, ಬೆಳ್ಳಿಯೂ ಒಳ್ಳೆಯದು. ತಲೆಮಾರು ಇಳಿದಂತೆ ತೂಕ ಹನ್ನೆರಡು ಗ್ರಾಂ, ಹತ್ತು, ಅದಕ್ಕೂ ಕೆಳಗೆ ಬರುತ್ತದೆ, ತಾಮ್ರದ ಬೆರಕೆ ಹೆಚ್ಚುತ್ತದೆ. ಈಗಿನ ರೊಮೇನಿಯಾದ ದಕ್ಷಿಣ ಭಾಗದ ಕೊನೆಯ ಕಾಲದ ನಾಣ್ಯಗಳಲ್ಲಿ ಬಿಲ್ಲೆ ಬಟ್ಟಲಿನಂತೆ ಬಾಗಿದೆ, ಲೋಹದಲ್ಲಿ ಬೆಳ್ಳಿಯ ಪಾಲು ಕಡಿಮೆ. ಹಲವು ನಾಣ್ಯಗಳ ಮೇಲೆ ಉಳಿಯ ಏಟೂ ಕಾಣುತ್ತದೆ. ಒಳಗೆ ತಾಮ್ರವಿದ್ದು ಮೇಲೆ ಬೆಳ್ಳಿ ತಗಡು ಹೊದಿಸಿದ ಮೋಸದ ನಾಣ್ಯ ಆಗಲೂ ಇತ್ತು, ಅದಕ್ಕೇ ಪಡೆಯುವವನು ಒಂದೇಟು ಹೊಡೆದು ಒಳಗನ್ನು ನೋಡುತ್ತಿದ್ದ. ಅಂಥ ಕಳ್ಳ ನಾಣ್ಯವನ್ನೂ ಬುಡಕಟ್ಟಿನ ಮುಖಂಡ ರಾಜಾರೋಷವಾಗಿ ಹೊರಡಿಸಿದ ಅನುಕರಣೆಯನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಎರಡನೆಯದು ತನ್ನ ಸೀಮೆಯಲ್ಲಿ ಒಪ್ಪಿತವಾದ ಹಣ.

ತೂಕದ ವಿಷಯದಲ್ಲಿ ಇವರು ಎಷ್ಟು ಹುಷಾರು ಎಂಬುದಕ್ಕೆ ಉತ್ಖನನಗಳಲ್ಲಿ ಸಿಕ್ಕ ಮಣ್ಣಿನ ಅಚ್ಚುಮಣೆಗಳೇ ಸಾಕ್ಷಿ. ಜರ್ಮನಿಯ ಮಾಂಚಿಂಗ್‌ನಂಥ ಕೆಲ್ಟಿಕ್ ಪಟ್ಟಣಗಳಲ್ಲಿ ಸಾಲುಸಾಲು ಗುಳಿಗಳಿರುವ ಮಣ್ಣಿನ ಹಲಗೆಗಳು ದೊರೆತಿವೆ. ಒಂದೊಂದು ಗುಳಿಗೂ ಅಳೆದ ಲೋಹ ಹಾಕಿ ಕರಗಿಸಿದರೆ ಒಂದೇ ತೂಕದ ಗುಂಡುಗಳು ಸಿಗುತ್ತವೆ. ಅವನ್ನು ಬಡಿದು ಬಿಲ್ಲೆ ಮಾಡಿ ಅಚ್ಚು ಒತ್ತುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಕೆಲಸದವರನ್ನು ಅನಾಗರಿಕರೆಂದು ಕರೆದು ಮುಗಿಸುವ ಹಳೆಯ ಕ್ಯಾಟಲಾಗ್‌ಗಳನ್ನು ಓದುವಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಪೀಳಿಗೆಯಿಂದ ಪೀಳಿಗೆಗೆ ಚಿತ್ರ ಬದಲಾಗುತ್ತಾ ಹೋಗುತ್ತದೆ ಎಂಬ ಸರಪಳಿಯನ್ನು ಸ್ಪಷ್ಟವಾಗಿ ಜೋಡಿಸಿ ತೋರಿಸಿದವರು ಇಂಗ್ಲೆಂಡಿನ ಜಾನ್ ಇವಾನ್ಸ್. ವೃತ್ತಿಯಲ್ಲಿ ಕಾಗದದ ಕಾರ್ಖಾನೆಯವರು, ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. 1850ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಬ್ರಿಟನ್ನಿನ ಪ್ರಾಚೀನ ಚಿನ್ನದ ನಾಣ್ಯಗಳ ಮೂಲವನ್ನು ಫಿಲಿಪ್ಪನ ಚಿನ್ನದ ಸ್ಟೇಟರ್‌ಗೆ ಕೊಂಡೊಯ್ದರು. ಆ ಸ್ಟೇಟರ್‌ನಲ್ಲಿ ಒಂದು ಕಡೆ ಅಪೋಲೋ ತಲೆ, ಇನ್ನೊಂದು ಕಡೆ ಜೋಡಿ ಕುದುರೆಯ ರಥ. ತೂಕ 8.6 ಗ್ರಾಂ. ಗಾಲ್ ಪ್ರದೇಶಕ್ಕೆ, ಅಂದರೆ ಈಗಿನ ಫ್ರಾನ್ಸ್‌ಗೆ ಬಂದಾಗ ಎರಡು ಕುದುರೆ ಒಂದಾಯಿತು. ನಡುವಿನ ಹಂತದ ಕೆಲವು ನಾಣ್ಯಗಳಲ್ಲಿ ಕುದುರೆ ಒಂದೇ, ಕಾಲು ಮಾತ್ರ ಹೆಚ್ಚು. ರಥ ಹೋಗಿ ಒಂದು ಚಕ್ರ ಕುದುರೆಯ ಕೆಳಗೆ ಉಳಿಯಿತು. ಸಾರಥಿ ಬರಬರುತ್ತಾ ಒಂದು ತೋಳು, ನಾಲ್ಕು ಚುಕ್ಕೆ. ಫ್ರಾನ್ಸಿನ ವಾಯುವ್ಯದ ಬ್ರಿಟಾನಿಯ ಕಡೆ ಕುದುರೆಗೆ ಮನುಷ್ಯನ ಮುಖವೇ ಬಂತು. ಇಂಗ್ಲಿಷ್ ಕಾಲುವೆ ದಾಟಿದ ಮೇಲೆ ಅಪೋಲೋ ಮುಖ ಪೂರ್ತಿ ಅಳಿಸಿಹೋಗಿ ಅವನ ಮಾಲೆಯೊಂದೇ ಇಡೀ ನಾಣ್ಯವನ್ನು ತುಂಬಿಕೊಂಡಿತು. ಕುದುರೆಗೆ ಮೂರೆಳೆಯ ಬಾಲ. ಸೀಸರ್ ಗಾಲ್‌ನಲ್ಲಿ ಯುದ್ಧ ಮಾಡುತ್ತಿದ್ದ ಕಾಲಕ್ಕೆ ಆಂಬಿಯಾನಿ ಬುಡಕಟ್ಟಿನ ಸ್ಟೇಟರ್ ಆರು ಗ್ರಾಂ ಚಿಲ್ಲರೆಗೆ ಇಳಿದಿತ್ತು, ಅದರ ಒಂದು ಬದಿ ಪೂರಾ ಖಾಲಿ. ಇವಾನ್ಸ್ ಈ ತೂಕದ ಇಳಿತವನ್ನೂ ಚಿತ್ರದ ಬದಲಾವಣೆಯನ್ನೂ ಒಟ್ಟಿಗೆ ಇಟ್ಟು ಕಾಲಾನುಕ್ರಮ ಕಟ್ಟಿದರು. ಡಾರ್ವಿನ್ನನ ವಿಕಾಸವಾದ ಅಚ್ಚಾಗುವುದಕ್ಕೆ ಒಂಬತ್ತು ವರ್ಷ ಮೊದಲೇ ನಡೆದ ಕೆಲಸ ಇದು. ಮುಂದೆ ಇವಾನ್ಸರೇ ತಮ್ಮ ನಾಣ್ಯಗಳನ್ನು ಆ ವಾದದ ಬೆಳಕಿನಲ್ಲಿ ವಿವರಿಸಿದರು.

ಇವಾನ್ಸರ ಸರಪಳಿ ಇವತ್ತಿಗೂ ಉಪಯುಕ್ತ. ಆದರೆ ಅದರ ಜೊತೆಗೆ ಅಂಟಿಕೊಂಡು ಬಂದ ‘ಅವನತಿ’ ಎಂಬ ಭಾವನೆಯನ್ನು ನಾನು ಒಪ್ಪಲಾರೆ. ಇದಕ್ಕೆ ನನಗೆ ಕಾರಣ ಕೊಟ್ಟದ್ದು ನಮ್ಮದೇ ಪಶ್ಚಿಮ ಭಾರತದ ಕ್ಷತ್ರಪರ ಬೆಳ್ಳಿ ನಾಣ್ಯಗಳು. ಅವುಗಳ ಮುಂಬದಿಯಲ್ಲಿ ರಾಜನ ಮುಖದ ಸುತ್ತ ಗ್ರೀಕ್ ಅಕ್ಷರಗಳಿವೆ. ಇಂಡೋ-ಗ್ರೀಕ್ ನಾಣ್ಯಗಳಿಂದ ಬಂದ ರೂಢಿ ಅದು. ಕ್ಷತ್ರಪ ರಾಜ ನಹಪಾನನ ಕಾಲದಲ್ಲಿ ಅವನ ಹೆಸರನ್ನು ಗ್ರೀಕ್ ಲಿಪಿಯಲ್ಲಿ ಓದಬಹುದು. ಮುಂದಿನವರ ಕಾಲಕ್ಕೆ ಆ ಅಕ್ಷರಗಳು ಅರ್ಥವಿಲ್ಲದ ಗೆರೆ, ಸುತ್ತುಗಳಾದವು. ಅದೇ ನಾಣ್ಯದಲ್ಲಿ, ರಾಜನ ತಲೆಯ ಹಿಂದೆ, ಬ್ರಾಹ್ಮಿ ಅಂಕಿಗಳಲ್ಲಿ ಶಕ ವರ್ಷ ಸ್ಪಷ್ಟವಾಗಿ ಇರುತ್ತದೆ, ಹಿಂಬದಿಯಲ್ಲಿ ತಂದೆ ಮಗ ಇಬ್ಬರ ಹೆಸರು, ಬಿರುದು ಸಮೇತ. ಒಂದೇ ಟಂಕಸಾಲೆಯ ಕೈ, ಒಂದೇ ಬಿಲ್ಲೆ. ಬೇಕಾದದ್ದನ್ನು ಕರಾರುವಾಕ್ಕಾಗಿ ಕೆತ್ತಿದ್ದಾರೆ, ಓದುವವರಿಲ್ಲದ್ದನ್ನು ಅಂಚಿನ ಅಲಂಕಾರವಾಗಿ ಬಿಟ್ಟಿದ್ದಾರೆ. ಕೈಚಳಕದ ಕೊರತೆ ಎನ್ನಲು ಇಲ್ಲಿ ಜಾಗವೇ ಇಲ್ಲ. ಡ್ಯಾನ್ಯೂಬಿನವರೂ ಹಾಗೆಯೇ ಆರಿಸಿಕೊಂಡರು. ಅವರಿಗೆ ಫಿಲಿಪ್ಪನ ಹೆಸರು ಬೇಡವಾಗಿತ್ತು. ಕುದುರೆ ಬೇಕಿತ್ತು, ಏಕೆಂದರೆ ಅವರ ಸಮಾಜದಲ್ಲಿ ಕುದುರೆಯೇರಿದವನಿಗೇ ಮರ್ಯಾದೆ. ಅದಕ್ಕೇ ಸವಾರನ ಕಾಲು ಮಾಯವಾದ ನಾಣ್ಯದಲ್ಲೂ ಕುದುರೆಯ ಗೊರಸಿನ ತನಕ ಎಲ್ಲ ಅಂಗವೂ ತೂಕ ತಪ್ಪದೆ ಕೂತಿದೆ.

ಡ್ಯಾನ್ಯೂಬ್ ಕಡೆಯ ಈ ಬೆಳ್ಳಿ ನಾಣ್ಯಗಳಿಗೆ ಹೆಸರಿಡುವ ಕೆಲಸವನ್ನು 1939ರಲ್ಲಿ ವಿಯೆನ್ನಾದ ನಾಣ್ಯತಜ್ಞ ಕಾರ್ಲ್ ಪಿಂಕ್ ಮಾಡಿದರು. ಯಾವ ನಾಣ್ಯ ಯಾವ ಬುಡಕಟ್ಟಿನದು ಎಂದು ಹೇಳುವ ಬರಹ ನಾಣ್ಯದ ಮೇಲಿಲ್ಲ, ಆದ್ದರಿಂದ ಕಣ್ಣಿಗೆ ಕಂಡದ್ದೇ ಹೆಸರಾಯಿತು. ಗುಂಡುಕೆನ್ನೆ ಬಗೆ, ಗೊಂಬೆ ಸವಾರನ ಬಗೆ, ಮರ ಹಿಡಿದ ಸವಾರ, ಗದ್ದವಿಲ್ಲದ ಮುಖ, ಜೀನಿನಂಥ ತಲೆಯ ಕುದುರೆ, ಹೀಗೆ. ಬೇರೆ ಕೆಲವಕ್ಕೆ ನಿಧಿ ಸಿಕ್ಕ ಊರಿನ ಹೆಸರು: ರೊಮೇನಿಯಾದ ಮೆಡಿಯೇಶು ಔರಿತ್, ಹುಶಿ-ವೊವ್ರಿಯೇಶ್ತಿ. ಈ ಪದ್ಧತಿಯ ಪ್ರಾಮಾಣಿಕತೆ ನನಗೆ ಇಷ್ಟ. ಏಕೆಂದರೆ ‘ಕೆಲ್ಟಿಕ್’ ಎಂಬ ಹಣೆಪಟ್ಟಿಯೇ ಇಲ್ಲಿ ಅರ್ಧ ರೂಢಿಯ ಮಾತು. ಡ್ಯಾನ್ಯೂಬಿನ ಕೆಳದಂಡೆಯಲ್ಲಿ ಗೇಟೆ, ಡೇಸಿಯನ್, ಥ್ರೇಸಿಯನ್ ಜನರೂ ಇದ್ದರು, ಅವರೂ ಇದೇ ಮಾದರಿಯ ನಾಣ್ಯ ಟಂಕಿಸಿದರು. ಹರಾಜಿನ ಪಟ್ಟಿಗಳು ಎಲ್ಲವನ್ನೂ ‘ಪೂರ್ವ ಕೆಲ್ಟಿಕ್’ ಎಂಬ ಒಂದೇ ಶೀರ್ಷಿಕೆಯಡಿ ಮಾರುತ್ತವೆ. ಥಾಸೋಸ್ ದ್ವೀಪದ ದೊಡ್ಡ ಬೆಳ್ಳಿ ನಾಣ್ಯದ ಅನುಕರಣೆಗಳಿಗೂ ಇದೇ ಗತಿ. ಅದರ ಹಿಂಬದಿಯಲ್ಲಿ ಗದೆ ಹಿಡಿದು ನಿಂತ ಹೆರಾಕ್ಲಿಸ್‌ನ ಎಡ, ಬಲ, ಕೆಳಗೆ, ಮೂರೂ ಕಡೆ ಗ್ರೀಕ್ ಬರಹವಿದೆ. ಥ್ರೇಸ್ ಕಡೆಯ ಅನುಕರಣೆಗಳಲ್ಲಿ ಆ ಮೂರು ಸಾಲೂ ಮುತ್ತು ಪೋಣಿಸಿದಂಥ ಚುಕ್ಕೆಗಳಾಗಿ ಇಳಿಯುತ್ತವೆ, ಹೆರಾಕ್ಲಿಸ್ ಕೂಡ ಕೊನೆಗೆ ಚುಕ್ಕೆ ಗೆರೆಗಳ ಮನುಷ್ಯನೇ.

ಹಾಗಾದರೆ ಬಳಗವನ್ನು ನಿರ್ಧರಿಸುವುದು ಯಾವುದು? ಸಿಕ್ಕ ಜಾಗ. ಬೇರೆ ದಾರಿಯಿಲ್ಲ. ಒಂದು ಬಗೆಯ ನಾಣ್ಯಗಳು ಎಲ್ಲೆಲ್ಲಿ ಸಿಕ್ಕಿವೆ ಎಂದು ನಕ್ಷೆಯಲ್ಲಿ ಗುರುತಿಸಿದಾಗಲೇ ಅದರ ಸೀಮೆ ಕಾಣುತ್ತದೆ. ಜರ್ಸಿ ದ್ವೀಪದಲ್ಲಿ 2012ರಲ್ಲಿ ಸಿಕ್ಕ ನಿಧಿಯಲ್ಲಿ ಸುಮಾರು 70,000 ನಾಣ್ಯಗಳಿದ್ದವು, ಬಹುಪಾಲು ಕೊರಿಯೊಸೊಲಿಟೀಸ್ ಎಂಬ ಬುಡಕಟ್ಟಿನವು. ಪತ್ತೆ ಮಾಡಿದವರು ತಾವೇ ಅಗೆದು ಹಂಚಿಕೊಳ್ಳದೆ ತಿಳಿಸಿದ್ದರಿಂದ ಇಡೀ ಗಂಟನ್ನು ಮಣ್ಣಿನ ಸಮೇತ ಎತ್ತಿ, ಪ್ರಯೋಗಾಲಯದಲ್ಲಿ ಒಂದೊಂದೇ ನಾಣ್ಯವನ್ನು ಅದರ ಸ್ಥಾನ ದಾಖಲಿಸಿ ಬಿಡಿಸಲಾಯಿತು. ಬಾಲ್ಕನ್ ಪ್ರದೇಶದಲ್ಲಿ ಹೀಗಾಗುವುದು ಕಡಿಮೆ. ಮೆಟಲ್ ಡಿಟೆಕ್ಟರ್ ಹಿಡಿದು ರಾತ್ರೋರಾತ್ರಿ ಅಗೆದ ನಾಣ್ಯ ಗಡಿ ದಾಟಿ, ಮೂರು ಕೈ ಬದಲಾಗಿ, ಊರು ಕೇರಿ ಇಲ್ಲದೆ ಮಾರುಕಟ್ಟೆಗೆ ಬರುತ್ತದೆ. ನಾಣ್ಯ ಎಷ್ಟೇ ಚೆಂದವಿರಲಿ, ಅದು ಹೇಳಬಹುದಾಗಿದ್ದ ಮಾತಿನಲ್ಲಿ ಮುಖ್ಯವಾದದ್ದು ಆ ಗುಂಡಿಯಲ್ಲೇ ಉಳಿದುಹೋಯಿತು. ಸಂಗ್ರಾಹಕರಾಗಿ ಇಂಥದ್ದನ್ನು ಕೊಳ್ಳುವ ಮುನ್ನ, ಎಲ್ಲಿ ಸಿಕ್ಕಿದ್ದು, ಯಾರ ಸಂಗ್ರಹದಲ್ಲಿತ್ತು ಎಂದು ಕೇಳಬೇಕು, ಉತ್ತರ ಬಾರದಿದ್ದರೆ ಬಿಟ್ಟುಬಿಡಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಮಾರುಕಟ್ಟೆಯಲ್ಲಿ ಹೊಸ ನಕಲುಗಳೂ ಧಾರಾಳ. ಮೂಲವೇ ‘ವಿಕಾರ’ವಾಗಿರುವುದರಿಂದ ನಕಲಿಯನ್ನು ಹಿಡಿಯುವುದು ಕಷ್ಟ ಎಂದು ಮಾಡುವವರ ಲೆಕ್ಕ. ಅಂಚಿನಲ್ಲಿ ಎರಕದ ಗೆರೆ, ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಸಣ್ಣ ತೂತುಗಳು ಕಂಡರೆ ಅನುಮಾನಿಸಬೇಕು. ಸುತ್ತಿಗೆ ಏಟಿಗೆ ಲೋಹ ಅಂಚಿನತ್ತ ಹರಿದ ಗುರುತು ಇಲ್ಲದಿದ್ದರೂ ಹಾಗೆಯೇ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಉಳಿಯ ಏಟು ಇದ್ದರೆ ಅನುಮಾನವೂ ಬೇಕಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಮೊದಲು ಹೇಳಿದ ಸರಪಳಿಯದೇ. ಹೊಸ ನಕಲಿನವನು ಪುಸ್ತಕದಲ್ಲಿ ಚೆಂದ ಕಂಡದ್ದನ್ನೆಲ್ಲ ಬೆರೆಸುತ್ತಾನೆ. ಮೊದಲ ತಲೆಮಾರಿನ ಅಕ್ಷರ, ಮೂರನೇ ತಲೆಮಾರಿನ ಮುಖ, ಬೇರೆ ಸೀಮೆಯ ಕುದುರೆ. ಪ್ರಾಚೀನ ಅಚ್ಚಿನವನ ಎದುರಿಗೆ ಒಂದೇ ನಾಣ್ಯವಿತ್ತು, ಆದ್ದರಿಂದ ಅವನ ಮುಖವೂ ಕುದುರೆಯೂ ಅಕ್ಷರವೂ ಒಂದೇ ದೂರ ನಡೆದಿರುತ್ತವೆ.

ಗ್ರೀಕ್ ಮೂಲ ಎಂದರೆ ಫಿಲಿಪ್ ಒಬ್ಬನೇ ಅಲ್ಲ. ಸ್ಪೇನಿನ ಕರಾವಳಿಯ ರೋಡೆ ಎಂಬ ಗ್ರೀಕ್ ಊರಿನ ನಾಣ್ಯದ ಗುಲಾಬಿ, ಟೂಲೂಸ್ ಸೀಮೆಯ ಕೆಲ್ಟರ ಕೈಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಗುರುತಿರುವ ಶಿಲುಬೆಯಾಕಾರವಾಯಿತು. ಮಾರ್ಸೇಲ್ ಪಟ್ಟಣ ಆಗ ಮಸ್ಸಾಲಿಯಾ ಎಂಬ ಗ್ರೀಕ್ ವಸಾಹತು. ಅದರ ಕಂಚಿನ ನಾಣ್ಯದ ಹಾಯುವ ಗೂಳಿ, ಇಂಗ್ಲೆಂಡಿನ ಕೆಂಟ್‌ನಲ್ಲಿ ತವರ ಹೆಚ್ಚಿರುವ ಕಂಚಿನ ಎರಕದ ನಾಣ್ಯಗಳ ಮೇಲೆ ಕಾಣಿಸಿಕೊಂಡಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟಿರುವುದು ಉತ್ತರ ಇಟಲಿಯ ಪೋ ನದಿಯ ಬಯಲಿನ ಡ್ರಾಕ್ಮ್‌ಗಳು. ಮಸ್ಸಾಲಿಯಾದ ಬೆಳ್ಳಿ ಡ್ರಾಕ್ಮ್‌ನಲ್ಲಿ ಒಂದು ಕಡೆ ಆರ್ಟಿಮಿಸ್ ದೇವಿ, ಇನ್ನೊಂದು ಕಡೆ ಸಿಂಹ, ಮೇಲೆ ಊರಿನ ಹೆಸರು. ಪೋ ಬಯಲಿನ ಕೆಲ್ಟರು ಇದನ್ನು ಅನುಕರಿಸಿದರು. ತಲೆಮಾರು ಕಳೆದಂತೆ ಸಿಂಹದ ಮೈ ಗೆಣ್ಣುಗೆಣ್ಣಾಗಿ ಸೀಳಿ ಚೇಳಿನಂತಾಯಿತು. ವಿದ್ವಾಂಸರು ಆ ಬಗೆಯನ್ನು ಸಿಂಹ-ಚೇಳು ಎಂದೇ ಕರೆಯುತ್ತಾರೆ. ಊರಿನ ಹೆಸರೂ ಎಂದಿನಂತೆ ಗೆರೆಗಳಾಗಿ ಕೆಟ್ಟಿತು. ಆಮೇಲೆ ಅದೇ ಜಾಗದಲ್ಲಿ, ಸಿಂಹದ ಬೆನ್ನಿನ ಮೇಲೆ, ಮತ್ತೆ ಓದಬಲ್ಲ ಅಕ್ಷರಗಳು ಬಂದವು. ಈ ಸಲ ಗ್ರೀಕ್ ಅಲ್ಲ, ಆ ಸೀಮೆಯ ಕೆಲ್ಟರು ತಮ್ಮ ಭಾಷೆ ಬರೆಯಲು ಬಳಸುತ್ತಿದ್ದ ಲಿಪಿ. ‘ಟೌಟಿಯೋಪೌವೋಸ್’, ‘ರಿಕೋಯ್’, ‘ಪಿರಾಕೋಯ್’ ಎಂದು ಅವನ್ನು ಓದಿದ್ದಾರೆ. ಬೊಹೇಮಿಯಾ, ಸ್ಲೊವಾಕಿಯಾ ಕಡೆ ನೆಲೆಸಿದ್ದ ಬೋಯಿ ಜನ ಕ್ರಿ.ಪೂ. ಮೊದಲ ಶತಮಾನದಲ್ಲಿ ಇದೇ ಹಾದಿ ಹಿಡಿದು, ಈಗಿನ ಬ್ರಾಟಿಸ್ಲಾವಾದ ಜಾಗದಲ್ಲಿ ಹದಿನೇಳು ಗ್ರಾಂ ತೂಕದ ದೊಡ್ಡ ಬೆಳ್ಳಿ ನಾಣ್ಯಗಳ ಮೇಲೆ ‘ಬಿಯಾಟೆಕ್’ ಎಂಬ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ದಪ್ಪಕ್ಷರಗಳಲ್ಲಿ ಕೆತ್ತಿದರು. ಅಕ್ಷರ ತಪ್ಪಿಲ್ಲ, ಗೆರೆ ಜಾರಿಲ್ಲ. ಸ್ವತಂತ್ರ ಸ್ಲೊವಾಕಿಯಾ 1993ರಲ್ಲಿ ತನ್ನ ಐದು ಕೊರುನಾ ನಾಣ್ಯಕ್ಕೆ ಆರಿಸಿಕೊಂಡ ಚಿತ್ರವೂ ಅದೇ ಬಿಯಾಟೆಕ್ ನಾಣ್ಯದ್ದು.